ಗರಡಿಮನೆಗೆ ಬಂದ ಎರಡು ಗಾಡಿಗಳು

ಹುನಗುಂದದ ನಮ್ಮ ಓಣಿಯ ಹಳೆಯ ಗರಡಿಮನೆಯನ್ನು ಕೆಡವಿ ಹೊಸದು ಕಟ್ಟಬೇಕೆಂದು ಎಲ್ಲರೂ ಒಪ್ಪಿದಾಗ ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಓಣಿಯಲ್ಲಿ ನನ್ನಷ್ಟು ಚಿಂತೆ ಮಾಡುವವರು ಇನ್ನೊಬ್ಬರಿಲ್ಲ ಎಂಬುದೇ ಅರ್ಹತೆ. ಪಾಯದಲ್ಲಿ ಹಾವು ಸಿಕ್ಕೀತೇ, ಛತ್ತು ಸೋರೀತೇ ಎಂದು ನಿದ್ದೆಗೆಟ್ಟೆ. ಒಳಗೆ ಏನು ಮಾಡಬೇಕೆಂದಿದ್ದೇವೆ ಎಂಬುದರ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ.

ಗುದ್ದಲಿಪೂಜೆಯ ದಿನ ಕೇಳಲು ಬಾಯಿ ತೆರೆದೆ. ಅಡ್ಡ ಪ್ರಶ್ನೆ ಅಪಶಕುನವೆಂದು ನಮ್ಮ ಕಾಕಾ ಅದೇ ಬಾಯಿಗೆ ಅಮೀನಗಡದ ಕರದಂಟು ತುರುಕಿದರು.

"ಗರಡಿ ಅಂದ್ರ ಗರಡಿ! ಸುಮ್ಮ ಕಾಯಿ ಒಡಿ."

ಕಾಕಾ ಗರಡಿಯ ಉಸ್ತಾದರು. ಗೋಡೆ ಕುಸಿದು ಅಖಾಡ ಮುಚ್ಚಿದಾಗಿನಿಂದ ಅವರದು ಒಂದೇ ಆಸೆ: ಸಾಯುವುದರೊಳಗೆ ಇನ್ನೊಮ್ಮೆ ಕೆಮ್ಮಣ್ಣಿನಲ್ಲಿ ಮೊಣಕಾಲೂರಿ ಕುಸ್ತಿ ಹಿಡಿಯಬೇಕು.

ಗೋಡೆ ಎದ್ದಿತು, ಛತ್ತು ಕೂತಿತು. ಒಂದು ಮುಂಜಾನೆ ಬಾಗಿಲಿಗೆ ಎರಡು ಗಾಡಿ ಬಂದವು. ಮುಂದಿನದು ಕಾಕಾ ಬಾದಾಮಿ ಕಡೆಯಿಂದ ತರಿಸಿದ ಕೆಮ್ಮಣ್ಣಿನ ಟ್ರ್ಯಾಕ್ಟರ್. ಹಿಂದಿನದು ಬಾಗಲಕೋಟೆಯ ಲಾರಿ; ಅದರಲ್ಲಿ ಟೈಲ್ಸು, ಕನ್ನಡಿ, ಕಬ್ಬಿಣದ ತೂಕಗಳು. ತರಿಸಿದವನು ಕಾಕಾನ ಮೆಚ್ಚಿನ ಶಿಷ್ಯ, ಓಣಿಯ ತರುಣರ ಮುಖಂಡ.

"ಏನಲೇ ಇದು?"

"ಜಿಮ್ಮಿನ ಸಾಮಾನ್ರಿ ಉಸ್ತಾದ್ರ. ನೀವ್ಯಾಕ ಮಣ್ಣ ತಂದ್ರಿ? ಬದನಿಕಾಯಿ ಹಚ್ಚವ್ರೇನು?"

ಕಾಕಾ ಕೆನ್ನೆಗೆ ಉತ್ತರ ಕೊಟ್ಟರು. ಆಮೇಲೆ ಯಾರಿಗೂ ಮಾತು ಬೇಕಾಗಲಿಲ್ಲ. ಹಳೆಯ ಪೈಲ್ವಾನರು ಒಂದು ಕಡೆ, ತರುಣರು ಇನ್ನೊಂದು ಕಡೆ ಸಲಿಕೆ ಬೀಸಿದರು. ಕನ್ನಡಿ ಪುಡಿಯಾಯಿತು, ಮೂಗು ಒಡೆದು ಅಂಗಿಗಳು ಕೆಂಪಾದವು, ಯಾರದೋ ಹಲ್ಲು ಮಣ್ಣಿನ ರಾಶಿಯಲ್ಲಿ ಬಿತ್ತು. "ಕುಂತು ಮಾತಾಡೋಣ್ರಿ" ಎಂದು ನಾನು ನಡುವೆ ಕೈಚಾಚಿ ನಿಂತೆ. ನನ್ನನ್ನು ಹೊಡೆಯುವ ವಿಷಯದಲ್ಲಿ ಮಾತ್ರ ಎರಡೂ ಬಣಗಳಲ್ಲಿ ಒಮ್ಮತವಿತ್ತು. ಅಷ್ಟರಲ್ಲಿ ಶಿಷ್ಯ ಕಣ್ಣುಮುಚ್ಚಿ ಬೀಸಿದ ಕಬ್ಬಿಣದ ರಾಡು ಕಾಕಾನ ಬಲ ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದಿಗೆ ಎಲ್ಲರ ಕೈಗಳೂ ನಿಂತವು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಇನ್ನು ಕುಸ್ತಿ ಬಂದ್ ಎಂದರು. ಬಾತ ಮುಖದ ಶಿಷ್ಯ ಮಂಚದ ಕಾಲಬಳಿ ನಿಂತಿದ್ದ.

"ಮಣ್ಣಂತ ಮೊದಲ ಹೇಳಬೇಕಿಲ್ರಿ, ಉಸ್ತಾದ್ರ?"

"ನೀ ಕೇಳಿದ್ಯಾ, ಮಗನ?"

ಊರಿಗೆ ಮರಳಿ ಖಾಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದೆ. ಪ್ರತಿಯೊಬ್ಬರನ್ನೂ ಮುಂದೆ ಅವರು ದಿನಾ ನಿಲ್ಲಬೇಕೆಂದಿರುವ ಜಾಗದಲ್ಲೇ ನಿಲ್ಲಿಸಿದೆ. ಗೆರೆಗಾಗಿ ಮತ್ತೆ ಜಗಳವಾಯಿತು, ಬರೀ ಬಾಯಲ್ಲಿ. ಅರ್ಧ ಟೈಲ್ಸು, ಅರ್ಧ ಅಖಾಡ ಎಂದಾಯಿತು.

ಅಖಾಡ ತೆರೆದ ದಿನ ಶಿಷ್ಯನೇ ಮೊದಲು ಇಳಿದು ತಲೆಬಾಗಿಸಿದ. ಕಾಕಾ ಎಡಗೈಯಿಂದ ಅವನ ಬೆನ್ನಿಗೆ ಮಣ್ಣು ಸವರಿದರು, ತಟ್ಟಿದರು. ಮರುಕ್ಷಣ ಅದೇ ಕೈ ಅವನ ಕುತ್ತಿಗೆಗೆ ಬಿತ್ತು. ಅವನ ಮುಖ ಮಣ್ಣೊಳಗೆ ಹೂತಿತು, ಕಾಕಾನ ಒಂದು ಮೊಣಕಾಲು ಅವನ ಬೆನ್ನಿನ ಮೇಲೆ, ಇನ್ನೊಂದು ಕೆಮ್ಮಣ್ಣಿನಲ್ಲಿ. ಅವನು ಅಂಗೈಯಿಂದ ನೆಲ ಬಡಿಯುತ್ತಿದ್ದ. ಜನ ಸಿಳ್ಳೆ ಹಾಕಿದರು. ನನಗೆ ಅವನ ಉಸಿರಿನದೇ ಚಿಂತೆ.

"ಕಾಕಾ, ಬಿಡ್ರಿ, ಸತ್ತಾನು!"

"ತಡಿಯೋ," ಎಂದರು ಕಾಕಾ, ಮೊಣಕಾಲನ್ನು ಮಣ್ಣಿಗೆ ಇನ್ನಷ್ಟು ಊರಿ. "ಈಗರ ಬಂದೇನಿ."