ಏನು ತಿಂದಿದ್ದಕ್ಕೆ ಬಂತು

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದೆವು. ಮೊದಲ ಮಹಡಿಯಲ್ಲಿ ಎರಡು ಮನೆ. ಒಂದರಲ್ಲಿ ನಾನು ಮತ್ತು ನನ್ನ ಗಂಡ, ಎದುರಿನದರಲ್ಲಿ ಧಾರವಾಡ ಕಡೆಯ ದಂಪತಿ. ನೆಲಮಹಡಿಯಲ್ಲಿ ಮಾಲೀಕರು. ಮಾಲೀಕರ ಹೆಂಡತಿಯನ್ನು ಎಲ್ಲರೂ ಓನರ್ ಆಂಟಿ ಎನ್ನುತ್ತಿದ್ದರು. ಅವರ ಒಗ್ಗರಣೆ ಮಹಡಿ ಮೆಟ್ಟಿಲು ಹತ್ತಿ ಬರುತ್ತಿತ್ತು. ಎದುರು ಮನೆಯ ರೊಟ್ಟಿ ತಟ್ಟುವ ಸದ್ದು ಇಳಿದು ಹೋಗುತ್ತಿತ್ತು.

ನಾನು ಆಗ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದೆ. ಭಾನುವಾರದ ಪುರವಣಿಯ ಆರೋಗ್ಯ ಪುಟ ನನ್ನ ಪಾಲಿಗೆ ಬಂದಿತ್ತು. ಸುದ್ದಿಸಂಸ್ಥೆಗಳು ಕಳಿಸುವ ವರದಿಗಳಲ್ಲಿ ಒಂದು ವಾರ ಕಾಫಿಯಿಂದ ಕ್ಯಾನ್ಸರ್ ಬರುತ್ತಿತ್ತು, ಇನ್ನೊಂದು ವಾರ ಅದೇ ಕಾಫಿ ಕ್ಯಾನ್ಸರನ್ನು ತಡೆಯುತ್ತಿತ್ತು. ಎರಡನ್ನೂ ನಾನೇ ಅನುವಾದಿಸಿ, ತಣ್ಣಗಿನ ಶೀರ್ಷಿಕೆ ಕೊಟ್ಟು ಪುಟಕ್ಕೆ ಕಳಿಸುತ್ತಿದ್ದೆ.

ಎದುರು ಮನೆಯವಳಿಗೆ ಮೂವತ್ತು ದಾಟಿತ್ತಷ್ಟೆ. ತವರಿನಲ್ಲಿ ಹೆರಿಗೆ ಮುಗಿಸಿ, ಹೆಣ್ಣುಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಮರಳಿದಾಗ ಜೊತೆಗೆ ಅವಳ ತಾಯಿಯೂ ಬಂದರು. ಒಂದು ಚೀಲದ ತುಂಬ ಅಂಟಿನ ಉಂಡೆ, ಇನ್ನೊಂದರ ತುಂಬ ಶೇಂಗಾ. ಬಂದ ದಿನದಿಂದಲೇ ಆ ತಾಯಿಗೂ ಓನರ್ ಆಂಟಿಗೂ ಬಾಣಂತಿಯ ಊಟದ ಬಗ್ಗೆ ಜಗಳ ಶುರುವಾಯಿತು. ಆಂಟಿ ಬೆಳ್ಳುಳ್ಳಿ, ಸಬ್ಬಸಿಗೆ ಸಾರು ಎಂದರೆ ತಾಯಿ ಅಳವಿ ಬೀಜದ ಪಾಯಸ ಎನ್ನುತ್ತಿದ್ದರು. ಯಾವುದರಲ್ಲೂ ಇಬ್ಬರೂ ಒಪ್ಪುತ್ತಿರಲಿಲ್ಲ.

ಒಂದೇ ಒಂದು ವಿಷಯದಲ್ಲಿ ಒಪ್ಪಿದರು. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಮಗುವಿಗೆ ಹಾಲು ಕುಡಿಸುವಾಗ ಅವಳ ಎಡ ಎದೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತ್ತು. ಹಾಲು ಗಂಟು ಕಟ್ಟಿದೆ ಎಂದು ತಾಯಿ ಹೇಳಿದರು. ಹೌದು, ತಮ್ಮ ಎರಡನೆಯ ಬಾಣಂತನದಲ್ಲೂ ಹೀಗೇ ಆಗಿತ್ತು ಎಂದು ಆಂಟಿ ಹೇಳಿದರು. ಹಾಲು ಹೆಚ್ಚಿಸುವ ಪದಾರ್ಥಗಳನ್ನೆಲ್ಲ ಎರಡೂ ಅಡುಗೆಮನೆಗಳು ನಿಲ್ಲಿಸಿದವು. ಉಂಡೆ ಡಬ್ಬಿಯೊಳಗೆ ಹೋಯಿತು, ಸಬ್ಬಸಿಗೆ ಮನೆಗೆ ಬರುವುದು ನಿಂತಿತು. ಆಂಟಿ ಜಯನಗರದ ಮಾರುಕಟ್ಟೆಯಿಂದ ದುಂಡು ಮಲ್ಲಿಗೆ ತಂದು, ಹಾಲು ಇಂಗಲೆಂದು ಎದೆಗೆ ಕಟ್ಟಿಸಿದರು. ಕೆಲವು ದಿನಕ್ಕೊಮ್ಮೆ ತಾಯಿ ಮುಟ್ಟಿ ನೋಡಿ ಮೆತ್ತಗಾಗಿದೆ ಎನ್ನುತ್ತಿದ್ದರು. ಮೆತ್ತಗಾಗಿರಲಿಲ್ಲ. ಹೀಗೆ ತಿಂಗಳುಗಳು ಹೋದವು.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ, ಮಗು ಒಂದು ಕಡೆಯ ಹಾಲನ್ನು ಒಲ್ಲೆ ಎನ್ನುತ್ತಿದೆ ಎಂದು ಅವಳು ಮಕ್ಕಳ ಡಾಕ್ಟರಿಗೆ ಮಾತಿಗೆಂಬಂತೆ ಹೇಳಿದಳು. ಅವರು ಮಗುವನ್ನು ನರ್ಸ್ ಕೈಗೆ ಕೊಟ್ಟು ಅವಳನ್ನೇ ಪರೀಕ್ಷಿಸಿದರು. ಅಂದೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಸೂಜಿ ಪರೀಕ್ಷೆ, ಆಪರೇಷನ್, ಆಮೇಲೆ ಕೀಮೋ. ಕ್ಯಾನ್ಸರ್ ಕಂಕುಳಿನ ಗ್ರಂಥಿಗಳಿಗೂ ತಾಗಿತ್ತು.

ಆಗ ಜಗಳ ಮತ್ತೆ ಶುರುವಾಯಿತು, ಬೇರೆ ರೂಪದಲ್ಲಿ. ಅವಳು ನಮ್ಮ ಮನೆಯ ಕುರ್ಚಿಯಲ್ಲಿ, ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಕುಳಿತಿದ್ದ ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಇಬ್ಬರ ದನಿಯೂ ಕೇಳಿಸಿತು.

"ಮೂರು ಹೊತ್ತೂ ಶೇಂಗಾ, ಮಿರ್ಚಿ, ಕರಿದಿದ್ದು. ಶೇಂಗಾ ನಂಜು ಕಣ್ರೀ. ಮೈಯಲ್ಲಿ ಗಾಯ ಇರೋರಿಗೆ ಯಾರಾದ್ರೂ ಕೊಡ್ತಾರಾ?" ಎಂದರು ಓನರ್ ಆಂಟಿ.

"ನಮ್ಮೂರಾಗ ಹಲ್ಲು ಬಂದ ಕೂಸಿನಿಂದ ಹಲ್ಲು ಬಿದ್ದ ಮುದುಕರ ತನಕ ಶೇಂಗಾ ತಿಂತಾರ್ರಿ. ಹಂಗಿದ್ರ ಊರಿಗೂರೇ ಖಾಲಿ ಆಗಬೇಕಿತ್ತಲ್ಲ! ನಿಮ್ಮೂರಿನ ಈ ಪಾಕೀಟ್ ಹಾಲು, ಈ ಬೇಕರಿ, ಇದರಿಂದನ ಬಂದೈತಿ."

"ನಮ್ಮನೇಲೂ ಅದೇ ಪ್ಯಾಕೆಟ್ ಹಾಲೇ ಕುಡಿಯೋದು. ನಮಗ್ಯಾರಿಗೂ ಬಂದಿಲ್ಲಪ್ಪ."

"ನಿಮ್ಮ ಮನ್ಯಾಗ ಎಲ್ಲಾರಿಗೂ ಸಕ್ಕರಿ ಕಾಯಿಲೆ ಐತೆಲ್ರಿ. ಅದೇನು ನಾವು ಕೊಟ್ವೇನು?"

ಅವಳು ನಕ್ಕಳು. ನಗುವಾಗ ಹೊಲಿಗೆ ಹಾಕಿದ ಕಡೆ ಕೈ ಒತ್ತಿಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

"ಅಕ್ಕಾರ, ನೀವು ಪೇಪರಿನೋರು. ನಿಮಗ ಕೇಳೂದು ಗೊತ್ತಿರ್ತೈತಿ. ನಾ ಏನು ತಿಂದಿದ್ದಕ್ಕ ಇದು ಬಂತು ಅಂತ ಡಾಕ್ಟರ್‌ನ ಕೇಳೋಣ, ನನ್ನ ಜೋಡಿ ಬರ್ರಿ. ನನಗಂತೂ ಬಂದು ಬಿಟ್ಟೈತಿ. ಕೂಸಿಗೆ ಈಗ ಊಟ ಶುರು ಮಾಡೇವಿ. ಯಾವುದನ್ನ ತಿನಿಸಬಾರದು ಅಂತ ನನಗ ಗೊತ್ತಾಗಬೇಕು. ಆಕಿಗೆ ಬರಬಾರದು."

ಮುಂದಿನ ಕೀಮೋ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಡಾಕ್ಟರ್ ನಡುವಯಸ್ಸಿನ ಹೆಂಗಸು. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ, ಒಂದು ಪದಾರ್ಥದ ಹೆಸರು ಹೇಳಿ ಅಂದ್ರೆ ನಾನು ಸುಳ್ಳು ಹೇಳ್ಬೇಕಾಗುತ್ತೆ" ಎಂದರು. "ಶೇಂಗಾ ಅಲ್ಲ. ಹಾಲೂ ಅಲ್ಲ."

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತಿದ್ದೇನೆ. ಕುಡಿತದಿಂದ ಅಪಾಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿದೆ. ಹರೆಯದ ವರ್ಷಗಳಲ್ಲಿ ಸೊಪ್ಪು, ತರಕಾರಿ, ಹಣ್ಣು, ತೌಡು ತೆಗೆಯದ ಧಾನ್ಯ ತಿಂದು ಬೆಳೆದವರಿಗೆ ಸ್ವಲ್ಪ ಅನುಕೂಲ ಇರಬಹುದು, ಆದರೆ ಖಚಿತವಾಗಿ ಹೇಳುವಷ್ಟು ಗೊತ್ತಿಲ್ಲ. ಮೈತೂಕದ ಪಾತ್ರ ಮುಟ್ಟು ನಿಂತವರಲ್ಲಿ ಸ್ಪಷ್ಟ. ಚಿಕ್ಕ ವಯಸ್ಸಿನವರಲ್ಲಿ ಅಷ್ಟು ಸರಳವಲ್ಲ. ಚೆನ್ನಾಗಿ ತಿಂದವರಿಗೂ ಬರುತ್ತದೆ. ಇಷ್ಟು ಎಳೆಯ ವಯಸ್ಸಿನಲ್ಲಿ ಬಂದರೆ ತಾವು ತಟ್ಟೆಯ ಬಗ್ಗೆ ಕೇಳುವುದಕ್ಕಿಂತ ಮೊದಲು ಮನೆತನದ ಬಗ್ಗೆ ಕೇಳುತ್ತೇವೆ ಎಂದರು. ಅಮ್ಮ, ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ಯಾರಿಗಾದರೂ ಎದೆಯಲ್ಲಿ, ಇಲ್ಲವೇ ಅಂಡಾಶಯದಲ್ಲಿ?

"ಯಾರಿಗೂ ಇಲ್ರಿ" ಎಂದಳು ಅವಳು.

"ಗಂಟು ಮೊದಲು ಕೈಗೆ ಸಿಕ್ಕಿದ್ದು ಯಾವಾಗ?"

ಅವಳು ಹೇಳಿದಳು. ಮಲ್ಲಿಗೆ ಕಟ್ಟಿದ್ದನ್ನೂ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

ಮನೆಗೆ ಬಂದಾಗ ಓನರ್ ಆಂಟಿ ಗೇಟಿನ ಹತ್ತಿರವೇ ಕಾಯುತ್ತಿದ್ದರು. ತೀರ್ಪು ಕೇಳಲು ನಮ್ಮ ಹಿಂದೆಯೇ ಮೇಲೆ ಬಂದರು. ಯಾರ ಊಟದ್ದೂ ತಪ್ಪಲ್ಲವಂತೆ ಎಂದು ನಾನು ಹೇಳಿದೆ. ಇಬ್ಬರ ಮುಖದಲ್ಲೂ ಸಮಾಧಾನ ಕಾಣಲಿಲ್ಲ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು ಎಂದಾಗ ಅವಳ ತಾಯಿ ಮಗುವಿಗೆ ತಿನ್ನಿಸುತ್ತಿದ್ದ ಗಂಜಿಯ ಬಟ್ಟಲನ್ನು ನೆಲಕ್ಕಿಟ್ಟರು.

"ನನ್ನ ತಂಗಿಗಿತ್ತು" ಎಂದರು.

"ಯಾವ ತಂಗಿ? ಬಾಣಂತನದಾಗ ಹೋದಾಕಿ?" ಅವಳು ಕೇಳಿದಳು.

"ಬಾಣಂತನ ಮುಗದಿತ್ತು. ಎದಿ ಹುಣ್ಣಾಗಿ ಹೋದ್ಲು. ಬಾಣಂತ್ಯಾದಾಗ ಬಾಯಿ ಕಟ್ಟಲಿಲ್ಲ, ತಿನ್ನಬಾರದ್ದು ತಿಂದ್ಲು, ಅದಕ್ಕ ಹಂಗಾತು ಅಂದ್ರು ಎಲ್ಲಾರೂ. ನಾನೂ ಹಂಗ ಅನ್ಕೊಂಡಿದ್ದೆ. ಅದಕ್ಕ ನಿನಗ ಒಂದು ತುತ್ತು ಸುದ್ದಾ ನೋಡಿ ಕೊಟ್ಟೆ."

ಎಲ್ಲ ಪಥ್ಯವನ್ನೂ ಸರಿಯಾಗಿ ಮಾಡಿದ್ದೇನೆ, ಆದ್ದರಿಂದ ಇದು ಅದಲ್ಲ ಎಂದು ಆ ತಾಯಿ ಅಷ್ಟು ತಿಂಗಳು ನಂಬಿದ್ದರು ಎಂಬುದು ನನಗೆ ಆಗ ಹೊಳೆಯಿತು. ತಂಗಿ ತಿಂದು ಸತ್ತಳು. ಮಗಳು ತಿಂದಿಲ್ಲ, ಹಾಗಾಗಿ ಗಂಟು ಬರೀ ಹಾಲಿನದು. ಓನರ್ ಆಂಟಿ ಬಗ್ಗಿ ಗಂಜಿಯ ಬಟ್ಟಲು ತೆಗೆದುಕೊಂಡು ಮಗುವಿಗೆ ಉಳಿದದ್ದನ್ನು ತಿನ್ನಿಸಿದರು. ಅಂದಿನಿಂದ ಮೆಟ್ಟಿಲ ಮೇಲಿನ ಜಗಳ ನಿಂತಿತು. ಅದು ನಿಂತದ್ದರಿಂದ ನನಗೆ ಇನ್ನಷ್ಟು ಕಸಿವಿಸಿಯಾಯಿತು.

ಚಿಕಿತ್ಸೆ ಮುಗಿಯಿತು. ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಅವಳ ಗಂಡ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಟೆಂಪೊಗೆ ಸಾಮಾನು ಏರಿಸುವಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾರ, ನನಗೇನರ ಆದ್ರ ಅವ್ವ ಮತ್ತ ಊಟದ ಕತೀನ ಕಟ್ತಾಳ. ನನ್ನ ಮಗಳಿಗೆ ಖರೇ ಇದ್ದಿದ್ದು ಹೇಳಾವ್ರು ಒಬ್ಬರರ ಇರಬೇಕು."

ಏನೂ ಆಗಲ್ಲ ಎಂದು ನಾನು ಹೇಳಲಿಲ್ಲ. ಸರಿ ಎಂದೆ.

ನಾವೂ ಆಮೇಲೆ ಮನೆ ಬದಲಿಸಿ ಯಡಿಯೂರಿಗೆ ಬಂದೆವು. ಕೆಲವು ವರ್ಷಗಳ ನಂತರ ಅವಳ ರೋಗ ಮರಳಿತು, ಎಲುಬಿಗೆ. ಸುದ್ದಿ ನನಗೆ ತಲುಪಿದಾಗ ಎಲ್ಲ ಮುಗಿದಿತ್ತು. ವಾರದ ಮೇಲೆ ಅವಳ ತಾಯಿಯೇ ಫೋನ್ ಮಾಡಿದರು. ಸಾವಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ.

"ಕೂಸು ಶೇಂಗಾ ಅಂದ್ರ ಜೀವ ಬಿಡ್ತೈತ್ರಿ. ಮಂದಿ ಕೊಡಬ್ಯಾಡ ಅಂತಾರ. ನಾ ಮುಚ್ಚಿಡಾಕತ್ತೇನಿ. ನೀವೇನಂತೀರಿ?"

"ಕೊಡಿ ಅಮ್ಮ. ರೊಟ್ಟಿ, ಸೊಪ್ಪು, ಹಣ್ಣು, ಶೇಂಗಾ ಎಲ್ಲ ತಿನ್ಲಿ. ಆದ್ರೆ ದೊಡ್ಡವಳಾದಾಗ ಅವಳಿಗೆ ಹೇಳ್ಬೇಕು. ಅಮ್ಮಂಗೆ ಏನಾಗಿತ್ತು, ಯಾವ ವಯಸ್ಸಲ್ಲಿ ಆಗಿತ್ತು, ನಿಮ್ಮ ತಂಗಿಗೆ ಏನಾಗಿತ್ತು. ಡಾಕ್ಟರ್ ಹತ್ರ ಹೋದ್ರೆ ಇದನ್ನೇ ಮೊದಲು ಹೇಳ್ಬೇಕು ಅಂತ. ಗಂಟು ಅಂತ ಏನಾದ್ರೂ ಸಿಕ್ರೆ ಒಂದು ದಿನಾನೂ ಕಾಯ್ಬಾರ್ದು ಅಂತ."

"ಹೇಳೂದು ಖರೇ. ಅಷ್ಟೊತ್ತಿಗೆ ನಾ ಇರಬೇಕಲ್ರಿ."

"ಅವರಪ್ಪ?"

"ಅಂವ ಅದರ ಹೆಸರು ತಗದ್ರ ಎದ್ದು ಹೊರಗ ಹೋಗ್ತಾನ."

"ಹಾಗಾದ್ರೆ ನಾನೇ ಹೇಳ್ತೀನಿ" ಎಂದೆ. "ಅವಳಿಗೆ ನನ್ನ ಪರಿಚಯ ಇರ್ಬೇಕಲ್ಲ. ಫೋನ್ ಕೊಡಿ."

ಅವರು ಒಳಗೆ ಹೋಗಿ ಕರೆದರು. ಓಡಿಬಂದ ಹೆಜ್ಜೆಗಳ ಸದ್ದು ಕೇಳಿಸಿತು. ರಿಸೀವರಿನಲ್ಲಿ ಉಸಿರು, ಆಮೇಲೆ ಏನನ್ನೋ ಅಗಿಯುವ ಸದ್ದು.

"ಏನ್ ತಿಂತಿದೀಯ ಪುಟ್ಟಿ?"

ಅಗಿಯುವುದು ನಿಂತಿತು. ಅವಳು ದನಿ ಇಳಿಸಿದಳು.

"ಶೇಂಗಾ. ಅಜ್ಜಿಗೆ ಹೇಳಬ್ಯಾಡ್ರಿ."