ಖಾಲಿಯಿದ್ದ ಎರಡು ಸೀಟು

ಮುಗಿಯುವ ಮೊದಲೇ ಏಳುವುದು ನಮ್ಮ ಯಜಮಾನರ ಜಾಯಮಾನ. ಕನ್ನಡ ಕೂಟದ ಯುಗಾದಿಗೆ ಹೋದರೆ ವಂದನಾರ್ಪಣೆ ಶುರುವಾಗುವ ಹೊತ್ತಿಗೆ ಕಾರಿನ ಕೀಲಿ ಅವರ ಕೈಯಲ್ಲಿರುತ್ತಿತ್ತು. "ಏಳೇ, ಆಮೇಲೆ ಪಾರ್ಕಿಂಗ್‌ನಿಂದ ಆಚೆ ಬರೋಕಾಗಲ್ಲ." ಅವರು ಅನಸ್ತೇಶಿಯಾ ಡಾಕ್ಟರು. ಆಸ್ಪತ್ರೆಯಿಂದ ಕರೆ ಬಂದರೆ ಊಟ ಬಿಟ್ಟು ಓಡಬೇಕಿತ್ತು. ರಿಟೈರ್ ಆದ ಮೇಲೂ ಕಾಲು ಬಾಗಿಲ ಕಡೆಗೇ. ನಾನು ಗೊಣಗಿಕೊಂಡು ಹಿಂದೆ ಹೋಗುತ್ತಿದ್ದೆ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಹುಚ್ಚು ಹತ್ತಿದ್ದು ಅವರಿಗಲ್ಲ, ನನಗೆ. ಕೋವಿಡ್ ಕಾಲದಲ್ಲಿ ಇಲ್ಲಿ ಫೋರ್ಟ್ ಮಿಲ್ ಊರಿನ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಮಗಳು ಓದಿದ ಕಾಲೇಜಿನ ಆಟವನ್ನು ಟೀವಿಯಲ್ಲಿ ನೋಡುತ್ತಾ ನೋಡುತ್ತಾ ಅಂಟಿಕೊಂಡಿತು. ಚೂಡಿದಾರದ ಮೇಲೆ ಸ್ವೆಟರ್ ಹಾಕಿಕೊಂಡು ನಾನು ರೆಫರಿಗೆ ಬೈಯುವುದನ್ನು ನೋಡಿ ಮಗಳಿಗೆ ನಗು. ಮುಂದೊಂದು ವರ್ಷ, "ಅಮ್ಮಾ, ಒಂದ್ಸಲ ಸ್ಟೇಡಿಯಂನಲ್ಲಿ ನೋಡು, ಪ್ಲೀಸ್" ಎಂದು ಎರಡು ಟಿಕೆಟ್ ಕಳಿಸಿದಳು. ಮೈದಾನದ ಮೂಲೆಗೆ ತೀರಾ ಹತ್ತಿರದ ಸೀಟು. ಆ ವಾರವಿಡೀ ನನಗೆ ಸರಿಯಾಗಿ ನಿದ್ದೆಯಿಲ್ಲ.

ಕೊನೆಯ ನಿಮಿಷಕ್ಕೆ ಬಂದಾಗ ನಮ್ಮವರು ನಾಲ್ಕು ಪಾಯಿಂಟ್ ಹಿಂದಿದ್ದರು. ಇವರು ಎದ್ದರು. "ಸೋತಾಯ್ತು, ಬಾ. ಇಷ್ಟು ಜನ ಒಟ್ಟಿಗೆ ಹೊರಟ್ರೆ ಮನೆ ಸೇರಿದ ಹಾಗೇ."

"ಒಂದು ನಿಮಿಷ ಕಣ್ರೀ" ಎಂದೆ. ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಅಭ್ಯಾಸಬಲ, ನಾನೂ ಎದ್ದೆ.

ಗಡಿಯಾರ ನಿಲ್ಲಿಸಿ ನಿಲ್ಲಿಸಿ ಆಡುವ ಆ ಕೊನೆಯ ನಿಮಿಷ ಇನ್ನೂ ಮುಗಿದಿರಲಿಲ್ಲ, ಕಾರಿನ ಬಾಗಿಲು ತೆಗೆಯುವಾಗ ಸ್ಟೇಡಿಯಂ ಭೋರೆಂದಿತು. ಆಮೇಲೆ ಸದ್ದಡಗಿತು, ರೆಫರಿಗಳು ವಿಡಿಯೋ ನೋಡುತ್ತಿದ್ದರಂತೆ. ಮತ್ತೆ ಭೋರೆಂದಿತು. ನಾವು ಗೆದ್ದಿದ್ದೆವು.

ನಮ್ಮ ಹುಡುಗನೊಬ್ಬ ನಮ್ಮ ಸೀಟಿನ ಮುಂದಿನ ಅದೇ ಮೂಲೆಯಲ್ಲಿ ಹಾರಿ ಚೆಂಡು ಹಿಡಿದಿದ್ದ, ಅದಕ್ಕೆ ಆರು ಪಾಯಿಂಟ್. ಹಿಡಿದಾಗ ಪಾದ ಗೆರೆಯ ಒಳಗೆ ತಾಕಿತೋ, ಗೆರೆ ತುಳಿಯಿತೋ ಎಂಬ ಜಗಳ ಈ ಕಡೆ ಇನ್ನೂ ಮುಗಿದಿಲ್ಲ. ಆ ತುಣುಕನ್ನು ಟೀವಿಯವರು ತೋರಿಸಿದ್ದೇ ತೋರಿಸಿದ್ದು. ಎಲ್ಲರೂ ಪಾದ ನೋಡುತ್ತಾರೆ. ನನಗೆ ಕಾಣುವುದು ಅದರ ಹಿಂದೆ, ಎದ್ದು ನಿಂತ ಜನರ ನಡುವೆ, ಖಾಲಿಯಿರುವ ಎರಡು ಸೀಟು.

ಹೊಟ್ಟೆ ಉರಿದುಹೋಯಿತು. ಇವರ ಜೊತೆ ಜಗಳವಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೇನೋ. ನಾನು ಅದನ್ನು ತಮಾಷೆ ಮಾಡಿದೆ. ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಯಾರಾದರೂ "ಆಂಟಿ, ನೀವು ಅಲ್ಲೇ ಇದ್ರಂತೆ, ಇನ್ ಇತ್ತಾ, ಔಟಾ?" ಎಂದು ಕೇಳಿದರೆ ಸಾಕು, ಫೋನ್ ತೆಗೆದು ತೋರಿಸುತ್ತಿದ್ದೆ. "ನೋಡಿ, ಅದೇ ನಮ್ಮ ಸೀಟು. ಡಾಕ್ಟರು ಕಾರಿಗೆ ಅನಸ್ತೇಶಿಯಾ ಕೊಡೋಕೆ ಓಡಿದ್ರು." ಮನೆಯೆಲ್ಲ ಗೊಳ್ಳೆಂದು ನಗುತ್ತಿತ್ತು. ಇವರೂ ನಗುತ್ತಿದ್ದರು. ಹೋದಲ್ಲೆಲ್ಲ ಹೇಳಿದೆ, ಹೋದಲ್ಲೆಲ್ಲ ನಕ್ಕರು. ಬರಬರುತ್ತಾ, "ನೀನು ಹೋಗಿ ಬಾ, ನಾನು ಮನೇಲಿರ್ತೀನಿ" ಎನ್ನತೊಡಗಿದರು. ಮಂಡಿನೋವಿರಬೇಕು ಅಂದುಕೊಂಡೆ.

ಮೊನ್ನೆ ಶನಿವಾರ ಮಧ್ಯಾಹ್ನ ಟೀವಿಯಲ್ಲಿ ನಮ್ಮ ಕಾಲೇಜಿನ ಆಟವಿತ್ತು. ಅರ್ಧದಲ್ಲೇ ನಮ್ಮವರು ಹೀನಾಯವಾಗಿ ಸೋಲುತ್ತಿದ್ದರು. ನನಗೇ ಬೇಸರವಾಗಿ ಆರಿಸಲು ಹೋದೆ. "ಇರಲಿ, ಇರಲಿ" ಎಂದರು ಇವರು. ಆಟ ಮುಗಿಯಿತು. ಹುಡುಗರು ಕೈಕುಲುಕಿದರು, ಸ್ಟೇಡಿಯಂ ಖಾಲಿಯಾಯಿತು, ಜಾಹೀರಾತು ಬಂತು. ಇವರು ಮಂಡಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದರು.

"ಮುಗೀತಲ್ರೀ" ಎಂದೆ.

"ಇನ್ನೇನೂ ಇಲ್ಲ ತಾನೇ?" ನನ್ನ ಮುಖ ನೋಡಿದರು. "ಈಗ ಏಳಬಹುದಾ?"

ಕುಹಕವಿದ್ದಿದ್ದರೆ ನಾನೂ ತಿರುಗಿ ಒಂದು ಮಾತಾಡುತ್ತಿದ್ದೆ. ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಮಲಗಿದ ರೋಗಿಯನ್ನು ಯಾವಾಗ ಎಬ್ಬಿಸಬೇಕೆಂದು ಯಾರನ್ನೂ ಕೇಳದ ಮನುಷ್ಯ ತನ್ನ ಮನೆಯ ಸೋಫಾದಿಂದ ಏಳಲು ನನ್ನ ಅಪ್ಪಣೆಗೆ ಕಾಯುತ್ತಿದ್ದರು. ನಾನು ಟೀವಿ ಆರಿಸಿ ಅವರ ಪಕ್ಕ ಕೂತೆ.