ಹಂಡೆಯ ಹೊದಿಕೆ

ನಾನು ಪೆಟ್ರೋಲ್ ಲೈನಿನಲ್ಲಿದ್ದೇನೆ ಎಂದು ಅಮ್ಮ ನೆಂಟರಿಗೆಲ್ಲ ಹೇಳಿಕೊಂಡಿದ್ದಾಳೆ. ಬಂಕಿನಲ್ಲಿ ಪೈಪು ಹಿಡಿಯುತ್ತೇನೆಂದು ಅವರು ತಿಳಿದಿದ್ದಾರೆ. ಆ ಕೆಲಸವಾದರೂ ನನಗೆ ಬರುತ್ತಿದ್ದರೆ ಎಷ್ಟೋ ವಾಸಿ. ಚಾಮರಾಜಪೇಟೆಯ ಒಂದು ಶೆಡ್ಡಿನಲ್ಲಿ ತೈಲ ಕಂಪನಿಗಳಿಗೆ ಸ್ಟೀಲಿನ ದೊಡ್ಡ ಪಾತ್ರೆಗಳನ್ನು ಮಾಡುತ್ತಾರೆ. ಬಾವಿಯಿಂದ ಬೆರೆತು ಬರುವ ಎಣ್ಣೆ, ನೀರು, ಗ್ಯಾಸು ಅದರೊಳಗೆ ಬೇರೆಬೇರೆಯಾಗುತ್ತವೆ. ಅದರ ಗುಣಗಾನ ಮಾಡಿ ಆರ್ಡರ್ ಹಿಡಿಯುವುದು ನನ್ನ ಕೆಲಸ. ವೆಲ್ಡಿಂಗ್ ಮಾಡುತ್ತಿದ್ದವರು ಮಾವಳ್ಳಿಯ ಮುನಿಕೃಷ್ಣ, ನಮಗೆಲ್ಲ ಮುನಿಯಣ್ಣ. ನಾನು ಅದನ್ನು ಸೆಪರೇಟರ್ ಎನ್ನುತ್ತೇನೆ. ಅವರು ಹಂಡೆ ಎನ್ನುತ್ತಾರೆ.

ಬೆಸುಗೆ ಗಟ್ಟಿಯಾಗಿದ್ದರೆ ಸಾಕಿತ್ತು, ಚಂದವಾಗಿರಬೇಕೆಂದು ಯಾರೂ ಕೇಳಿರಲಿಲ್ಲ. ಮುನಿಯಣ್ಣ ಮಾತ್ರ ಜಡೆ ಹೆಣೆದ ಹಾಗೆ ಸಮನಾಗಿ ಹಾಕಿ, ಬ್ರಷ್ಷಿನಿಂದ ಉಜ್ಜಿ, ಕತ್ತು ಓರೆ ಮಾಡಿ ನೋಡುತ್ತಿದ್ದರು. ಕೊನೆಗೆ ಹಂಡೆಗೆ ನೀರು ತುಂಬಿ ಪ್ರೆಶರ್ ಏರಿಸುತ್ತಾರೆ. ಮೀಟರಿನ ಮುಳ್ಳು ಇಳಿಯದಿದ್ದರೆ ಪಾಸು. ಅವರ ಹಂಡೆಯ ಮುಳ್ಳು ಇಳಿದದ್ದನ್ನು ನಾನು ಕಂಡಿಲ್ಲ.

ಹಂಡೆಗಳು ಲಾರಿ ಹತ್ತಿ ಆಂಧ್ರದ ಕರಾವಳಿಗೆ ಹೋಗುತ್ತಿದ್ದವು. ಅಲ್ಲಿ ಅವನ್ನು ಜಾಗದಲ್ಲಿ ನಿಲ್ಲಿಸುವ ದಿನ ಮುನಿಯಣ್ಣನನ್ನೂ ಕರೆಯುತ್ತಿದ್ದರು. ಕೈಯಲ್ಲಿರುವ ಜಾಯಿಂಟ್ ಅರ್ಧಕ್ಕಿದೆ, ಇನ್ನೊಬ್ಬರಿಗೆ ಬಿಟ್ಟು ಬರಲಾಗುವುದಿಲ್ಲ, ಮುಂದಿನ ಸಲ ಹೋದರಾಯಿತು ಎಂದು ಅವರು ತಪ್ಪಿಸಿಕೊಳ್ಳುತ್ತಿದ್ದರು. ಮುಂದಿನ ಸಲ ಮುಂದಿನ ಸಲ ಎನ್ನುತ್ತ ರಿಟೈರಾಗುವ ಹೊತ್ತು ಬಂತು. ತನ್ನ ಹಂಡೆ ಕೆಲಸ ಮಾಡುವುದನ್ನು ಒಂದು ಸಲವಾದರೂ ನೋಡಬೇಕೆಂದು ಆಗ ಬಾಯಿಬಿಟ್ಟು ಕೇಳಿದರು. ಓನರ್ ಒಪ್ಪಿ, ಜೊತೆಗೆ ನನ್ನನ್ನು ಕಳಿಸಿದರು. ಶೆಡ್ಡಿನಲ್ಲಿ ನಾನಿಲ್ಲದಿದ್ದರೆ ಯಾವ ಕೆಲಸವೂ ನಿಲ್ಲುವುದಿಲ್ಲವಲ್ಲ.

ಅಲ್ಲಿನ ತೈಲ ಘಟಕದ ಗೇಟಿನಲ್ಲಿ ಎಲ್ಲರಿಗೂ ಬಿ.ಪಿ. ನೋಡುತ್ತಾರೆ; ಏರಿದ್ದರೆ ಒಳಗೆ ಬಿಡುವುದಿಲ್ಲ. ಒಂದು ಮಹಡಿ ಹತ್ತಿದರೆ ಏದುಸಿರು ಬಿಡುವ ನನ್ನದು ಸರಿಯಿತ್ತು. ಮುನಿಯಣ್ಣನದು ಏರಿತ್ತು. ಫ್ಯಾನಿನ ಕೆಳಗೆ ಕೂರಿಸಿ, ನೀರು ಕುಡಿಸಿ ಮತ್ತೆ ನೋಡಿದರು; ಇನ್ನಷ್ಟು ಏರಿತ್ತು. ನಾನು ಹರಕು ತೆಲುಗಿನಲ್ಲಿ ವಾದಕ್ಕಿಳಿದೆ. ಆರ್ಡರ್ ಹಿಡಿಯುವ ನಾಲಿಗೆ ಅಲ್ಲಿ ನಡೆಯಲಿಲ್ಲ.

“ಬಿಡಪ್ಪ,” ಎಂದರು ಮುನಿಯಣ್ಣ. “ಹಂಡೆ ಪ್ರೆಶರಲ್ಲಿ ಪಾಸಾಯ್ತು, ನಾನು ಫೇಲಾದೆ. ನೀನಾದ್ರೂ ಹೋಗಿ ನೋಡ್ಕೊಂಡ್ ಬಾ. ಜಾಯಿಂಟ್ ಹೆಂಗ್ ಕಾಣ್ತದೆ ಅಂತ ಸರಿಯಾಗ್ ನೋಡು.”

ಫೋನನ್ನು ಗೇಟಿನಲ್ಲೇ ಇಸಿದುಕೊಂಡಿದ್ದರಿಂದ ಫೋಟೊ ತೆಗೆಯುವ ಹಾಗಿರಲಿಲ್ಲ. ಒಳಗೆ ನಮ್ಮ ಹಂಡೆಗಳು ಸಾಲಾಗಿದ್ದವು. ಆದರೆ ಬಿಸಿ ಆರದಿರಲೆಂದು ಅವಕ್ಕೆಲ್ಲ ದಪ್ಪ ಉಣ್ಣೆಯಂಥದ್ದನ್ನು ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದ್ದರು. ನಾನು ಸುತ್ತಲೂ ಹುಡುಕಿದೆ. ಬೆಸುಗೆಯ ಒಂದು ಗೆರೆಯೂ ಕಾಣಲಿಲ್ಲ.

ಹೊರಗೆ ಬಂದಾಗ ಮುನಿಯಣ್ಣ ಬೇವಿನ ನೆರಳಿನಿಂದ ಎದ್ದು ಬಂದರು. ಕಂಡದ್ದನ್ನು ಹೇಳಿದೆ.

“ಎಲ್ಲೂ ಬಿಟ್ಟಿಲ್ವಾ?”

“ಇಲ್ಲಣ್ಣ. ಕಂಪನಿ ಹೆಸರಿನ ಪ್ಲೇಟ್ ಮಾತ್ರ ಹೊರಗಿದೆ.”

ಅವರು ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಉಜ್ಜುತ್ತ ನಿಂತರು. “ಹೊದಿಕೆ ಹಾಕೋದು ಹಂಡೆ ನಿಲ್ಸಿದ್ ಮೇಲೆ ತಾನೆ? ಕರ್ದಾಗ ಬಂದಿದ್ರೆ ಬರೀ ಮೈಲೇ ನೋಡ್ಬೋದಿತ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: “ಅರ್ಧಕ್ಕಿದ್ದ ಜಾಯಿಂಟು ಎಲ್ಲಿಗ್ ಓಡೋಗ್ತಿತ್ತು?”

ಮಾವಳ್ಳಿಯ ಮನೆಯಲ್ಲಿ ಹೆಂಡತಿ ಶಶಿರೇಖಾ ಕಾಫಿ ಲೋಟ ಕೈಗಿಡುತ್ತ, ಅಷ್ಟು ವರ್ಷ ಮನೆ ಮಠ ಬಿಟ್ಟು ಮಾಡಿದ ಹಂಡೆಯನ್ನು ಕೊನೆಗೂ ನೋಡಿದಿರಾ ಎಂದು ಕೇಳಿದರು.

“ನೋಡ್ದೆ ಕಣೇ,” ಎಂದರು ಮುನಿಯಣ್ಣ. “ಬೆಚ್ಚಗೆ ಹೊದ್ಸಿ ಮಲಗ್ಸಿದಾರೆ. ಅಲ್ವೇನಪ್ಪಾ?”

ಹಂಡೆಗಳ ಬಗ್ಗೆ ಮಾತಾಡುವುದಕ್ಕೇ ನನಗೆ ಸಂಬಳ. ಅವತ್ತು ಬರೀ ಹೌದೆಂದು ತಲೆಯಾಡಿಸಿ, ಕಾಫಿಯತ್ತ ಮುಖ ತಗ್ಗಿಸಿದೆ.